ದೇವದುರ್ಗದಿಂದ ದೇವನಹಳ್ಳಿಗೆ ಎಷ್ಟು ದೂರ? ರಾಯಚೂರಿಗೂ ಬೇಕು ಒಂದು ಬಯಲು ಬಂದೀಖಾನೆ

ಕರ್ನಾಟಕದಲ್ಲಿ ಬಯಲು ಬಂದೀಖಾನೆ ಅಂತ ಇರೋದು ಒಂದೇ ಒಂದು. ಅದು ಕೋರಮಂಗಲದಲ್ಲಿದೆ. ಸ್ಟಾರ್ಟಪ್‌ಗಳ ಕೋರಮಂಗಲ ಅಂದ್ಕೋಬೇಡಿ, ಇದು ಬೆಂಗಳೂರು ಗ್ರಾಮಾಂತರ ಜಿಲ್ಲೆ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲ ಅನ್ನೋ ಹಳ್ಳಿ. ಅಲ್ಲಿನ ಸಾಮರ್ಥ್ಯ 80 ಕೈದಿಗಳು. ರಾಜ್ಯದ ಎಲ್ಲ ಜೈಲುಗಳಲ್ಲಿ ಇರೋರ ಸಂಖ್ಯೆ ಹತ್ತು ಸಾವಿರವನ್ನು ಯಾವತ್ತೋ ದಾಟಿದೆ. ಅಂದ್ರೆ ಆ 80 ಜಾಗವೂ ಪೂರ್ತಿ ತುಂಬಿದರೂ, ನೂರು ಕೈದಿಗಳಲ್ಲಿ ಒಬ್ಬರಿಗೂ ಅಲ್ಲಿ ಅವಕಾಶ ಸಿಗೋದಿಲ್ಲ.

ಇದನ್ನೇ ಈಗ ದೇವದುರ್ಗದಲ್ಲಿ ನಿಂತು ನೋಡಿ. ದೇವದುರ್ಗದಿಂದ ದೇವನಹಳ್ಳಿಗೆ ರಸ್ತೆ ಮೇಲೆ ನಾನೂರು ಕಿಲೋಮೀಟರಿಗೂ ಹೆಚ್ಚು. ಊರಿಗೆ ರೈಲಿಲ್ಲ. ಅಲ್ಲಿರೋ ಗಂಡನನ್ನೋ ಮಗನನ್ನೋ ನೋಡಿ ಬರಬೇಕು ಅಂದ್ರೆ ಹೋಗೋಕೆ ಒಂದು ರಾತ್ರಿ, ಅಲ್ಲಿ ಒಂದು ಹಗಲು, ವಾಪಸ್ ಬರೋಕೆ ಇನ್ನೊಂದು ರಾತ್ರಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದ್ರಿಂದ ಹೆಂಗಸರಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ದುಡ್ಡು ಉಳಿಯುತ್ತೆ. ಆದರೆ ಕೂಲಿ ಉಳಿಯಲ್ಲ. 2025–26ರ ನರೇಗಾ ಕೂಲಿ ದಿನಕ್ಕೆ ₹370 ಹಿಡಿದು ಲೆಕ್ಕ ಹಾಕಿದರೂ, ಹೊರಡೋ ದಿನ, ನೋಡೋ ದಿನ, ಬಂದು ಸುಧಾರಿಸಿಕೊಳ್ಳೋ ದಿನ ಸೇರಿ ಸಾವಿರದ ನೂರು ರೂಪಾಯಿ ಹೋಯ್ತು. ಮಕ್ಕಳ ಊಟ, ಆಟೊ ಖರ್ಚು ಬೇರೆ. ಹೀಗಿರುವಾಗ ವರ್ಷಕ್ಕೆ ಎಷ್ಟು ಸಲ ಹೋಗೋಕಾಗುತ್ತೆ?

ನನ್ನ ವಾದ ಸರಳ. ಬಯಲು ಬಂದೀಖಾನೆಯ ಜೀವಾಳ ಇರೋದು ಗೋಡೆ ಇಲ್ಲದ ಜಾಗದಲ್ಲಲ್ಲ, ಕೈಗೆ ಸಿಗೋ ಕೆಲಸ ಮತ್ತು ಕಣ್ಣಿಗೆ ಸಿಗೋ ಮನೆಯವರಲ್ಲಿ. ಇವೆರಡೂ ನಾನೂರು ಕಿಲೋಮೀಟರ್ ಆಚೆ ಇದ್ರೆ, ಅದು ಚೂರು ಹೆಚ್ಚು ಗಾಳಿ ಬೆಳಕು ಬರೋ ಜೈಲು, ಅಷ್ಟೇ. ಹಾಗಾಗಿ ರಾಜ್ಯದ ಎರಡನೇ ಬಯಲು ಬಂದೀಖಾನೆ ಕಲ್ಯಾಣ ಕರ್ನಾಟಕದಲ್ಲಿ, ಅದರಲ್ಲೂ ರಾಯಚೂರು ನಗರದ ಅಂಚಿನಲ್ಲಿ ಆಗಬೇಕು. ಯಾಕೆ ಅಂತ ಹೇಳ್ತೀನಿ. ಇದರಲ್ಲಿರೋ ತೊಡಕುಗಳನ್ನೂ ಹೇಳ್ತೀನಿ, ಅವು ಚಿಕ್ಕವೇನಲ್ಲ.

ಬೀಗ ಇಲ್ಲದ ಜೈಲು ಹೇಗೆ ನಡೆಯುತ್ತೆ?

ಮೊದಲು ವ್ಯವಸ್ಥೆ ಅರ್ಥ ಮಾಡ್ಕೊಳ್ಳೋಣ. ಕೈದಿಗಳ ಕುರಿತ ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳು ಬಯಲು ಬಂದೀಖಾನೆಯನ್ನು ವಿವರಿಸೋ ರೀತಿ ಹೀಗಿದೆ: ತಪ್ಪಿಸಿಕೊಂಡು ಹೋಗದಂತೆ ತಡೆಯೋ ಭೌತಿಕ ಭದ್ರತೆ ಅಲ್ಲಿರಲ್ಲ, ಕೈದಿಯ ಸ್ವಯಂಶಿಸ್ತನ್ನೇ ವ್ಯವಸ್ಥೆ ನಂಬಿರುತ್ತೆ. ಕೇಳೋಕೆ ಇದು ತೀರಾ ಆದರ್ಶದ ಮಾತು ಅನ್ನಿಸಬಹುದು. ಆದರೆ ನಮ್ಮ ದೇಶದಲ್ಲೇ ಅರವತ್ತು ವರ್ಷದಿಂದ ಇದು ನಡೀತಾ ಇದೆ.

ಜೈಪುರದ ಸಾಂಗಾನೇರ್‌ನಲ್ಲಿರೋ ಸಂಪೂರ್ಣಾನಂದ ಬಯಲು ಶಿಬಿರ ಶುರುವಾಗಿದ್ದು 1963ರಲ್ಲಿ. ಆಗ ರಾಜಸ್ಥಾನದ ರಾಜ್ಯಪಾಲರಾಗಿದ್ದವರು ಸಂಪೂರ್ಣಾನಂದ. ಅದಕ್ಕೂ ಮುಂಚೆ ಉತ್ತರ ಪ್ರದೇಶದಲ್ಲಿದ್ದಾಗಲೇ ಕೈದಿಗಳನ್ನು ಅಣೆಕಟ್ಟು ಕಟ್ಟೋ ಜಾಗದ ಶಿಬಿರಗಳಲ್ಲಿ ಬೇಡಿ ಇಲ್ಲದೆ ಇರಿಸೋ ಪ್ರಯೋಗಕ್ಕೆ ಒತ್ತಾಸೆಯಾಗಿದ್ದವರು. ಸಾಂಗಾನೇರ್‌ನಲ್ಲಿ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಆದವರೂ ಹೆಂಡತಿ ಮಕ್ಕಳ ಜೊತೆ ವಾಸ ಮಾಡ್ತಾರೆ. ಬೆಳಿಗ್ಗೆ ಹಾಜರಿ ಕೊಟ್ಟು ಊರೊಳಗೆ ಕೆಲಸಕ್ಕೆ ಹೋಗ್ತಾರೆ. ಒಬ್ಬರು ಫ್ಯಾಕ್ಟರಿಗೆ, ಒಬ್ಬರು ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ, ಇನ್ನೊಬ್ಬರು ಗಾರೆ ಕೆಲಸಕ್ಕೆ. ಸಂಜೆ ವಾಪಸ್ ಬಂದು ಮತ್ತೆ ಹಾಜರಿ. ಊಟ, ಬಟ್ಟೆ, ಮಕ್ಕಳ ಫೀಸು ಎಲ್ಲ ಅವರ ದುಡಿಮೆಯಿಂದಲೇ. ಒಳಗಿನ ದಿನನಿತ್ಯದ ತಕರಾರು ನೋಡ್ಕೊಳ್ಳೋಕೆ ಕೈದಿಗಳದ್ದೇ ಬಂದಿ ಪಂಚಾಯತಿ ಇದೆ.

ಶಿಕ್ಷೆ ಆದ ದಿನವೇ ಯಾರನ್ನೂ ಅಲ್ಲಿಗೆ ಕಳಿಸೋದಿಲ್ಲ. ರಾಜಸ್ಥಾನದ 1972ರ ನಿಯಮಗಳ ಪ್ರಕಾರ ಮಾಫಿ ಸೇರಿ ಶಿಕ್ಷೆಯ ಮೂರನೇ ಒಂದು ಭಾಗವನ್ನಾದರೂ ಮಾಮೂಲಿ ಜೈಲಿನಲ್ಲಿ ಕಳೆದಿರಬೇಕು, ನಡತೆ ಚೆನ್ನಾಗಿರಬೇಕು. ಹಾಗಿದ್ರೂ ಓಡಿ ಹೋಗಲ್ವಾ? ಓಡಿ ಹೋದರೆ ಅವನು ಕಳ್ಕೊಳ್ಳೋದೇನು ಅಂತ ನೋಡಿ. ಜೊತೆಗಿರೋ ಸಂಸಾರ, ಕಟ್ಟಿಕೊಂಡ ಕೆಲಸ, ಇಷ್ಟು ವರ್ಷದ ಸನ್ನಡತೆಯ ದಾಖಲೆ ಎಲ್ಲ ಹೋಗಿ, ಹೊಸ ಕೇಸಿನ ಜೊತೆ ಮತ್ತೆ ದೊಡ್ಡ ಗೋಡೆಯೊಳಗೆ. ಎಂಜಿನಿಯರಿಂಗ್ ಓದಿದವರಿಗೆ ಈ ವಿನ್ಯಾಸ ಬೇಗ ಅರ್ಥ ಆಗುತ್ತೆ. ಮಾಮೂಲಿ ಜೈಲಿನಲ್ಲಿ ತಡೆಯೋ ಭಾರವೆಲ್ಲ ಗೋಡೆ ಮತ್ತು ಕಾವಲುಗಾರನ ಮೇಲೆ. ಇಲ್ಲಿ ಆ ಭಾರವನ್ನು ಕೆಲಸ, ಸಂಸಾರ, ಬಿಡುಗಡೆಯ ಆಸೆ ಮೂರೂ ಹಂಚಿಕೊಂಡಿವೆ. ಇವುಗಳಲ್ಲಿ ಎರಡನ್ನು ತೆಗೆದುಬಿಟ್ಟರೆ ವ್ಯವಸ್ಥೆ ನಿಲ್ಲಲ್ಲ. ದೂರದ ಪ್ರಶ್ನೆಯನ್ನು ನಾನು ಮೊದಲೇ ಎತ್ತಿದ್ದು ಇದಕ್ಕೇ.

ಖರ್ಚಿನ ವಿಷಯವೂ ಗಮನಿಸಬೇಕಾದ್ದು. ರಾಜಸ್ಥಾನ ಕಾನೂನು ಸೇವಾ ಪ್ರಾಧಿಕಾರಕ್ಕಾಗಿ ಸ್ಮಿತಾ ಚಕ್ರವರ್ತಿ 2017ರಲ್ಲಿ ಮಾಡಿದ ಅಧ್ಯಯನ ಸಾಂಗಾನೇರ್ ಶಿಬಿರವನ್ನು ಜೈಪುರ ಕೇಂದ್ರ ಕಾರಾಗೃಹದ ಜೊತೆ ಹೋಲಿಸಿತ್ತು. ಒಬ್ಬ ಕೈದಿಗೆ ಆಗೋ ಖರ್ಚು ಕೇಂದ್ರ ಕಾರಾಗೃಹದಲ್ಲಿ ಸುಮಾರು 14 ಪಟ್ಟು ಜಾಸ್ತಿ. ಅಲ್ಲಿ ಆರು ಕೈದಿಗಳಿಗೆ ಒಬ್ಬ ಸಿಬ್ಬಂದಿ ಬೇಕಾದರೆ, ಬಯಲು ಶಿಬಿರದಲ್ಲಿ 80 ಜನರಿಗೆ ಒಬ್ಬರು ಸಾಕು. 'ನಮ್ಮ ತೆರಿಗೆ ದುಡ್ಡಲ್ಲಿ ಕೊಲೆಗಾರರಿಗೆ ಅನ್ನ ಯಾಕೆ' ಅಂತ ಕೇಳೋರು ನಿಜಕ್ಕೂ ಬೆಂಬಲಿಸಬೇಕಾದ್ದು ಬಯಲು ಬಂದೀಖಾನೆಯನ್ನೇ.

ಬೆಂಗಳೂರಿನ ಎಂಜಿನಿಯರ್, ಬೆಂಗಳೂರಿನ ಕೈದಿ

ಇದು ಹೊರಗಿನಿಂದ ತಂದು ಹೇರ್ತಿರೋ ಐಡಿಯಾ ಅನ್ನೋರಿಗೆ ಎರಡು ಹಳೇ ಸಂಗತಿ ನೆನಪು ಮಾಡಬೇಕು. ಎರಡಕ್ಕೂ ಕರ್ನಾಟಕದ ನಂಟಿದೆ.

1930ರ ದಶಕದಲ್ಲಿ ಮಾರಿಸ್ ಫ್ರಿಡ್‌ಮನ್ ಅನ್ನೋ ಪೋಲೆಂಡ್ ಮೂಲದ ಎಂಜಿನಿಯರ್ ಮೈಸೂರು ಸಂಸ್ಥಾನದ ವಿದ್ಯುತ್ ಉಪಕರಣ ಕಾರ್ಖಾನೆ ನಡೆಸೋಕೆ ಬೆಂಗಳೂರಿಗೆ ಬಂದರು. ಆಮೇಲೆ ಔಂಧ್ ಅನ್ನೋ ಪುಟ್ಟ ಮರಾಠಿ ಸಂಸ್ಥಾನಕ್ಕೆ ಹೋಗಿ, ಅಲ್ಲಿನ ರಾಜರ ಜೊತೆ ಸೇರಿ ಆಟಪಾಡಿ ಹತ್ತಿರ 'ಸ್ವತಂತ್ರಪುರ' ಅನ್ನೋ ಕೈದಿಗಳ ವಸಾಹತು ಕಟ್ಟಿದರು. ಕೈದಿಗಳು ಸಂಸಾರ ಸಮೇತ ಇದ್ದು ಹೊಲ ಮಾಡೋ ಜಾಗ ಅದು. ವಿ. ಶಾಂತಾರಾಮ್ ಅವರ 1957ರ 'ದೋ ಆಂಖೇ ಬಾರಹ್ ಹಾಥ್' ಸಿನಿಮಾಕ್ಕೆ ಪ್ರೇರಣೆ ಅದೇ. ಇವತ್ತಿಗೂ ಸಾಂಗ್ಲಿ ಜಿಲ್ಲೆಯಲ್ಲಿ, ನಮ್ಮ ವಿಜಯಪುರ, ಬೆಳಗಾವಿ ಗಡಿಯಿಂದ ಬಹಳ ದೂರವಿಲ್ಲದ ಜಾಗದಲ್ಲಿ ಅದು ಇದೆ.

ಎರಡನೆಯದು ಒಂದು ಪತ್ರ. ಬೆಂಗಳೂರು ಕೇಂದ್ರ ಕಾರಾಗೃಹ ಈಗಿನ ಫ್ರೀಡಂ ಪಾರ್ಕ್ ಜಾಗದಲ್ಲಿದ್ದ ಕಾಲ. ಅಲ್ಲಿನ ಒಬ್ಬ ಕೈದಿ ಸುಪ್ರೀಂ ಕೋರ್ಟಿಗೆ ಬರೆದ ಕಾಗದವನ್ನೇ ರಿಟ್ ಅರ್ಜಿ ಅಂತ ತಗೊಂಡು ಕೋರ್ಟ್ ವಿಚಾರಣೆ ಮಾಡಿತು. ಅದೇ 'ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣ. 1996ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ದೇಶದ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಪಟ್ಟಿ ಮಾಡಿತು: ಕಿಕ್ಕಿರಿದ ಜೈಲು, ವಿಚಾರಣೆ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣನೆ, ಊಟ ಬಟ್ಟೆಯ ಕೊರತೆ, ಒಳಗಿನ ದುಶ್ಚಟಗಳು, ಹೊರಗಿನವರ ಜೊತೆ ಸಂಪರ್ಕದ ಕೊರತೆ, ಭೇಟಿ ವ್ಯವಸ್ಥೆ, ಒಂಬತ್ತನೆಯದಾಗಿ ಬಯಲು ಬಂದೀಖಾನೆಗಳ ನಿರ್ವಹಣೆ. ಜೈಲು ಸುಧಾರಣೆ ಬಗ್ಗೆ ಮಾತಾಡೋ ಯಾರೇ ಆದರೂ ಉಲ್ಲೇಖಿಸೋ ಈ ತೀರ್ಪಿನ ಹೆಸರಲ್ಲೇ ಕರ್ನಾಟಕ ಇದೆ. ತೀರ್ಪು ಬಂದು ಮೂವತ್ತು ವರ್ಷ ಆಗ್ತಾ ಬಂದರೂ ಕರ್ನಾಟಕದ ಬಯಲು ಬಂದೀಖಾನೆ ಪಟ್ಟಿಯಲ್ಲಿ ಕಾಣೋದು ಒಂದೇ ಹೆಸರು.

ಇತ್ತೀಚಿಗೆ ಸುಪ್ರೀಂ ಕೋರ್ಟ್ ಮತ್ತೆ ಇದನ್ನು ಕೈಗೆತ್ತಿಕೊಂಡಿದೆ. '1382 ಜೈಲುಗಳ ಅಮಾನವೀಯ ಸ್ಥಿತಿ' ಪ್ರಕರಣದಲ್ಲಿ 2018ರಲ್ಲಿ ಬಯಲು ಬಂದೀಖಾನೆಗಳ ಸಾಧ್ಯತೆ ಪರಿಶೀಲಿಸಿ ಅಂತ ರಾಜ್ಯಗಳಿಗೆ ಹೇಳಿತು. 2024ರ ಮೇನಲ್ಲಿ ಸುಹಾಸ್ ಚಕ್ಮಾ ಪ್ರಕರಣದಲ್ಲಿ, ಕಿಕ್ಕಿರಿದ ಜೈಲುಗಳಿಗೆ ಬಯಲು ಬಂದೀಖಾನೆ ಒಂದು ಪರಿಹಾರ ಆಗಬಹುದು ಅಂತ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಹೇಳಿತು. ಸಾಂಗಾನೇರ್ ಶಿಬಿರದ ಜಾಗವನ್ನು ಕಡಿಮೆ ಮಾಡಬೇಡಿ ಅಂತಲೂ ಸೂಚಿಸಿತು. ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಕಾರಾಗೃಹ ಕಾಯ್ದೆಯಲ್ಲೂ ಬಯಲು ಮತ್ತು ಅರೆ-ಬಯಲು ಸಂಸ್ಥೆಗಳಿಗೆ ಜಾಗ ಇದೆ.

ಒಂದು ಅರ್ಧಸತ್ಯ

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. 'ಜೈಲು ತುಂಬಿ ತುಳುಕ್ತಿವೆ, ಅದಕ್ಕೆ ಬಯಲು ಬಂದೀಖಾನೆ ಮದ್ದು' ಅನ್ನೋದು ಅರ್ಧಸತ್ಯ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2022ರ ಜೈಲು ಅಂಕಿಅಂಶ ತೆಗೀರಿ. ದೇಶದಲ್ಲಿ 1,330 ಜೈಲು, ಅದರಲ್ಲಿ ಬಯಲು ಬಂದೀಖಾನೆ 91. ಜೈಲುಗಳಲ್ಲಿ ಇದ್ದವರು 5,73,220 ಜನ. ನೂರು ಜನರ ಜಾಗದಲ್ಲಿ ಸರಾಸರಿ 131 ಜನ. ಆದರೆ ಆ ಐದೂ ಮುಕ್ಕಾಲು ಲಕ್ಷದಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದ್ರೆ ನಾಲ್ಕರಲ್ಲಿ ಮೂವರ ಅಪರಾಧ ಇನ್ನೂ ಸಾಬೀತೇ ಆಗಿಲ್ಲ. ಬಯಲು ಬಂದೀಖಾನೆ ಇರೋದು ಶಿಕ್ಷೆ ಆದವರಿಗೆ. ರಾಯಚೂರಿನದ್ದೂ ಸೇರಿ ಯಾವುದೇ ಜಿಲ್ಲಾ ಕಾರಾಗೃಹ ಮುಖ್ಯವಾಗಿ ವಿಚಾರಣಾಧೀನರನ್ನು ಇಡೋ ಜಾಗ. ಅಲ್ಲಿನ ನೂಕುನುಗ್ಗಲಿಗೆ ಬೇಕಿರೋದು ಜಾಮೀನು, ವಕೀಲರು, ಬೇಗ ವಿಚಾರಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಮೊದಲ ಸಲ ಆರೋಪಿ ಆದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಲ್ಲೇ ಕಳೆದಿದ್ದರೆ ಜಾಮೀನಿಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆ ಇರೋ ಪ್ರಕರಣಗಳಿಗೆ ಇದು ಅನ್ವಯಿಸಲ್ಲ. ಬೇರೆ ಕೇಸುಗಳು ಬಾಕಿ ಇದ್ದವರಿಗೂ ಇಲ್ಲ. ಆದರೂ ಈ ಸೆಕ್ಷನ್ನನ್ನು ಗಟ್ಟಿಯಾಗಿ ಜಾರಿ ಮಾಡಿದರೆ ಜಿಲ್ಲಾ ಜೈಲುಗಳ ಭಾರ ಕಡಿಮೆ ಆಗುತ್ತೆ.

ಹಾಗಾದ್ರೆ ಬಯಲು ಬಂದೀಖಾನೆ ಯಾಕೆ ಬೇಕು? ಶಿಕ್ಷೆ ಆದವನು ಒಂದಿನ ಹೊರಗೆ ಬರ್ತಾನಲ್ಲ, ಅದಕ್ಕೆ ಬೇಕು. ನಮ್ಮಲ್ಲಿ ಬಹುಪಾಲು ಜೀವಾವಧಿ ಕೈದಿಗಳು ಕನಿಷ್ಠ 14 ವರ್ಷ ಕಳೆದ ಮೇಲೆ ಸನ್ನಡತೆ ಪರಿಶೀಲನೆಗೆ ಬರ್ತಾರೆ. 25ನೇ ವಯಸ್ಸಲ್ಲಿ ಒಳಗೆ ಹೋದವನು ನಲವತ್ತಕ್ಕೆ ಹೊರಗೆ ಬರ್ತಾನೆ. ಅಷ್ಟರಲ್ಲಿ ಮಗಳಿಗೆ ಮದುವೆ ಆಗಿರುತ್ತೆ, ಅಪ್ಪ ಅಮ್ಮ ತೀರಿಕೊಂಡಿರಬಹುದು, ಹೊಲ ಭಾಗ ಆಗಿರುತ್ತೆ, ಯುಪಿಐ ಅಂದ್ರೆ ಏನು ಅನ್ನೋದೂ ಅವನಿಗೆ ಗೊತ್ತಿರಲ್ಲ. ಬಿಡುಗಡೆಯ ಆದೇಶ ಕೈಗೆ ಕೊಟ್ಟು ಗೇಟು ತೆಗೆದ ಆ ದಿನದಿಂದ ಅವನು ಹೊಸದಾಗಿ ಬದುಕು ಕಲಿಯಬೇಕು. ಬಯಲು ಬಂದೀಖಾನೆ ಈ ಕಲಿಕೆಯನ್ನು ಕೆಲವು ವರ್ಷ ಮುಂಚೆಯೇ, ಸರ್ಕಾರದ ಕಣ್ಣೆದುರೇ ಶುರು ಮಾಡಿಸುತ್ತೆ. ಫಿನ್ಲೆಂಡ್, ನಾರ್ವೆಯಂಥ ದೇಶಗಳು ದೀರ್ಘ ಶಿಕ್ಷೆಯ ಕೊನೆಯ ಭಾಗವನ್ನು ಬಯಲು ಜೈಲಿನಲ್ಲಿ ಕಳೆಯೋ ಹಾಗೆ ನೋಡಿಕೊಳ್ಳೋದು ಕರುಣೆಯಿಂದ ಮಾತ್ರ ಅಲ್ಲ. ಪಕ್ಕದ ಮನೆಗೆ ಬಾಡಿಗೆಗೆ ಬರೋ ಮನುಷ್ಯ ಹೇಗಿರಬೇಕು ಅನ್ನೋ ಲೆಕ್ಕಾಚಾರವೂ ಅದರಲ್ಲಿದೆ.

ಜಾಗ ಇದೆ ಅಂತ ದೇವದುರ್ಗಕ್ಕೆ ಹಾಕಬೇಡಿ

ಈಗ ರಾಯಚೂರಿಗೆ ಬರೋಣ. ಈ ಜಿಲ್ಲೆಗೆ ಹತ್ತಿರದ ಕೇಂದ್ರ ಕಾರಾಗೃಹಗಳು ಕಲಬುರಗಿ ಮತ್ತು ಬಳ್ಳಾರಿಯಲ್ಲಿವೆ. ಬಯಲು ಬಂದೀಖಾನೆ ಮಾತ್ರ ದೇವನಹಳ್ಳಿಯಲ್ಲಿ. ಆಂಧ್ರದ ಅನಂತಪುರ ಪಕ್ಕದ ರೆಡ್ಡಿಪಲ್ಲಿಯಲ್ಲಿ ದಶಕಗಳಿಂದ ಕೈದಿಗಳ ಕೃಷಿ ವಸಾಹತು ಇದೆ. ರಾಯಚೂರಿನಿಂದ ಗುಂತಕಲ್ ಮೇಲೆ ಹೋದರೆ ಅದು ದೇವನಹಳ್ಳಿಗಿಂತ ಹತ್ತಿರ ಹತ್ತಿರ ಅರ್ಧ ದೂರ. ಪಕ್ಕದ ರಾಜ್ಯದ ಬಯಲು ಬಂದೀಖಾನೆ ನಮಗೆ ನಮ್ಮ ರಾಜ್ಯದ್ದಕ್ಕಿಂತ ಹತ್ತಿರ!

'ನಿಮ್ಮ ಕಡೆಯವರು ಹೆಂಗೂ ಬೆಂಗಳೂರಿಗೆ ಗುಳೆ ಹೋಗ್ತಾರಲ್ಲ, ದೇವನಹಳ್ಳಿ ಆದ್ರೇನು?' ಅಂತ ಯಾರಾದರೂ ಕೇಳಬಹುದು. ಹೌದು, ದೇವದುರ್ಗ, ಮಾನ್ವಿ ಹಳ್ಳಿಗಳಿಂದ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗ್ತಾರೆ. ಆದರೆ ಗುಳೆ ಹೋದವರು ಒಂದು ಸೈಟಿನ ತಗಡಿನ ಶೆಡ್‌ನಿಂದ ಇನ್ನೊಂದು ಸೈಟಿಗೆ ಓಡಾಡ್ತಾ ಇರ್ತಾರೆ. ಮಕ್ಕಳ ಶಾಲೆ, ರೇಷನ್ ಕಾರ್ಡು, ವೋಟು, ಮುದುಕರು ಎಲ್ಲ ಊರಲ್ಲೇ. ಆರು ತಿಂಗಳ ಗುಳೆಯ ಮೇಲೆ ಒಂದು ಸಂಸಾರವನ್ನು ಮತ್ತೆ ಕಟ್ಟೋಕಾಗಲ್ಲ.

ಇಂಥ ಬೇಡಿಕೆ ಬಂದಾಗ ಸರ್ಕಾರ ಏನು ಮಾಡುತ್ತೆ ಅಂತ ಊಹಿಸೋದು ಕಷ್ಟ ಅಲ್ಲ. ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದ ತಾಲ್ಲೂಕು ಅಂತ ಗುರುತಿಸಿದ ದೇವದುರ್ಗದಲ್ಲಿ ಎಲ್ಲೋ ಸರ್ಕಾರಿ ಜಮೀನು ಹುಡುಕಿ, ಬೋರ್ಡು ಹಾಕಿ, 'ಹಿಂದುಳಿದ ತಾಲ್ಲೂಕಿಗೆ ಯೋಜನೆ ಕೊಟ್ಟಿದ್ದೀವಿ' ಅಂದುಬಿಡಬಹುದು. ನಾನು ಇದನ್ನು ವಿರೋಧಿಸ್ತೀನಿ. ಊರಿನ ಜನಕ್ಕೇ ವರ್ಷಪೂರ್ತಿ ಕೆಲಸ ಸಿಗದೆ ಗುಳೆ ಹೋಗೋ ತಾಲ್ಲೂಕಲ್ಲಿ ಕೈದಿಗೆ ಕೆಲಸ ಎಲ್ಲಿಂದ ಬರುತ್ತೆ? ಊರವರ ಕೂಲಿಗೆ ಕೈದಿಗಳು ಪೈಪೋಟಿ ಅಂತ ಆದರೆ ಮೊದಲ ದಿನದಿಂದಲೇ ಜಗಳ.

ಮಾನ್ವಿ ಸ್ವಲ್ಪ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆ ನೀರಿದೆ, ಭತ್ತ ಇದೆ, ರೈಸ್ ಮಿಲ್‌ಗಳಿವೆ. ಆದರೆ ಕಾಲುವೆಯ ಕೊನೇ ಭಾಗದಲ್ಲಿ ನೀರು ಬರೋ ವರ್ಷ ಒಂದು ಥರ, ಬರದ ವರ್ಷ ಇನ್ನೊಂದು ಥರ. ಕೆಲಸವೂ ಹಾಗೇ ಏರಿಳಿಯುತ್ತೆ.

ರಾಯಚೂರು ನಗರದ ಅಂಚಿನಲ್ಲಿ ಆದರೆ ಚಿತ್ರ ಬದಲಾಗುತ್ತೆ. ಹತ್ತಿ ಮಾರುಕಟ್ಟೆ, ಜಿನ್ನಿಂಗ್ ಮಿಲ್‌ಗಳು, ರೈಸ್ ಮಿಲ್‌ಗಳು, ಗ್ಯಾರೇಜುಗಳು, ಕಟ್ಟಡ ಕೆಲಸ, ಕೃಷಿ ವಿಶ್ವವಿದ್ಯಾಲಯ, ಹತ್ತಿರದಲ್ಲೇ ಶಕ್ತಿನಗರ. ಮುಂಬೈ–ಚೆನ್ನೈ ಮಾರ್ಗದ ರೈಲು ನಿಲ್ದಾಣ. ದೇವದುರ್ಗದಿಂದಲೂ ಮಾನ್ವಿಯಿಂದಲೂ ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ಮನೆಗೆ ವಾಪಸ್. ಸಾಂಗಾನೇರ್ ಗೆದ್ದಿದ್ದು ಅದು ಜೈಪುರದ ಪಕ್ಕ ಇದ್ದಿದ್ದರಿಂದ. ನಗರ ಹತ್ತಿರ ಇದ್ದರೆ ಕೈದಿ ತನ್ನ ಕಸುಬಿಗೆ ತಕ್ಕ ಕೆಲಸ ಹುಡುಕ್ಕೋಬಹುದು. ವೆಲ್ಡಿಂಗ್ ಬಲ್ಲವನಿಗೆ ಕಳೆ ಕೀಳೋ ಕೆಲಸ ಕೊಟ್ಟರೆ ಅವನ ಬಿಡುಗಡೆಗೆ ಅದು ತಯಾರಿ ಆಗಲ್ಲ. ಕೋರಮಂಗಲದ್ದು ಮುಖ್ಯವಾಗಿ ಹೊಲದ ಕೆಲಸದ ಮಾದರಿ. ಕಾಸರಗೋಡು ಜಿಲ್ಲೆಯ ಚೀಮೇನಿಯಲ್ಲಿ ಕೇರಳ ನಡೆಸ್ತಿರೋ ಬಯಲು ಬಂದೀಖಾನೆಯೂ ನೂರಾರು ಎಕರೆಯ ಫಾರ್ಮ್. ಅವಕ್ಕೆ ಅವುಗಳದ್ದೇ ಬೆಲೆ ಇದೆ. ರಾಯಚೂರಿಗೆ ಬೇಕಿರೋದು ಮಾತ್ರ ನಗರದ ಮಾದರಿ.

ನಗರದ ಪಕ್ಕದ ಜಾಗಕ್ಕೆ ಒಂದು ಅಪಾಯವೂ ಇದೆ. ಸಾಂಗಾನೇರ್‌ನಲ್ಲೇ ನೋಡಿ, ಕೋರ್ಟಿನ ಸೂಚನೆ ಇದ್ದರೂ ಶಿಬಿರದ ಜಾಗದಲ್ಲಿ ಆಸ್ಪತ್ರೆಗೆ ನಿವೇಶನ ಕೊಟ್ಟಿದ್ದು 2024ರಲ್ಲಿ ನ್ಯಾಯಾಂಗ ನಿಂದನೆ ಅರ್ಜಿವರೆಗೆ ಹೋಯ್ತು. ಆಸ್ಪತ್ರೆ ಬೇಡ ಅನ್ನೋರು ಯಾರು? ಆದರೆ ಭೂಮಿ ಬೆಲೆ ಏರಿದಾಗ ಮೊದಲು ಕಣ್ಣು ಬೀಳೋದು ವೋಟು ಇಲ್ಲದವರ ಜಾಗದ ಮೇಲೆ. ಜೈಲಲ್ಲಿರೋರಿಗೆ ನಮ್ಮ ಕಾನೂನಿನಲ್ಲಿ ಮತದಾನದ ಹಕ್ಕಿಲ್ಲ. ಹಾಗಾಗಿ ಜಾಗ ಗುರುತಿಸೋ ದಿನವೇ ಅದನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ಕಟ್ಟಿಹಾಕಬೇಕು.

ಹತ್ತಿರ ಅಂದ್ರೆ ಯಾರಿಗೆ ಹತ್ತಿರ?

ಈಗ ನನ್ನ ವಾದದ ಅತಿ ಕಷ್ಟದ ಭಾಗ. ಮನೆಯವರಿಗೆ ಹತ್ತಿರ ಆದದ್ದು, ಸಂತ್ರಸ್ತರ ಮನೆಗೂ ಹತ್ತಿರ.

ಪಕ್ಕದ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ಹಲ್ಲೆ ಪ್ರಕರಣ ನೆನಪಿರಬಹುದು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನ ಧಾರವಾಡ ಪೀಠದಿಂದ ಜಾಮೀನು ಸಿಕ್ಕಿತು. ಮೇಲ್ಮನವಿಯ ಕೊನೆ ಏನೇ ಆಗಲಿ, ಇಂಥ ಪ್ರಕರಣ ಒಂದು ಪ್ರಶ್ನೆ ಎತ್ತುತ್ತೆ. ಜಾತಿ ದೌರ್ಜನ್ಯದಲ್ಲಿ ಶಿಕ್ಷೆಯಾದವನು ಕೆಲವು ವರ್ಷದ ಮೇಲೆ ಅದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಓಡಾಡ್ಕೊಂಡಿದ್ರೆ, ಸಾಕ್ಷಿ ಹೇಳಿದ ಆ ಕೇರಿಯ ಹೆಂಗಸಿಗೆ ಹೇಗನ್ನಿಸುತ್ತೆ? ಹೆಂಡತಿಯನ್ನು ಕೊಂದವನು 'ಸಂಸಾರದ ಹತ್ತಿರ' ಅಂತ ಬಂದರೆ ಆಕೆಯ ತವರಿನವರಿಗೆ ಏನು ಹೇಳ್ತೀರಿ?

'ಸುಧಾರಣೆ' ಅನ್ನೋ ಪದದಿಂದ ಈ ಪ್ರಶ್ನೆಯನ್ನು ಮುಚ್ಚೋಕಾಗಲ್ಲ. ಬಯಲು ಬಂದೀಖಾನೆ ಪರ ಮಾತಾಡೋ ನಮ್ಮಂಥವರೇ ಇದಕ್ಕೆ ಮೊದಲು ಉತ್ತರ ಕೊಡಬೇಕು. ನನಗೆ ಕಾಣೋ ದಾರಿ ಹೀಗಿದೆ. ಆಯ್ಕೆಗೂ ಮುಂಚೆ ಸಂತ್ರಸ್ತರ ಕುಟುಂಬಕ್ಕೆ ನೋಟಿಸ್ ಹೋಗಬೇಕು, ಅವರ ಮಾತನ್ನು ದಾಖಲಿಸಬೇಕು. ಅಪರಾಧ ನಡೆದ ತಾಲ್ಲೂಕಿಗೆ ಹೋಗಬಾರದು ಅನ್ನೋ ಷರತ್ತು ಹಾಕಬಹುದು. ಇದೂ ಜಿಲ್ಲಾ ಕೇಂದ್ರವನ್ನೇ ಆರಿಸೋಕೆ ಒಂದು ಕಾರಣ. ದೇವದುರ್ಗದ ಪ್ರಕರಣದ ಕೈದಿ ರಾಯಚೂರಲ್ಲಿ ಕೆಲಸ ಮಾಡಿದರೆ ಸಂಸಾರ ಬಸ್ಸಿನ ದೂರದಲ್ಲಿರುತ್ತೆ, ಸಂತ್ರಸ್ತರ ಊರು ಅವನ ಓಡಾಟದ ಮಿತಿಯ ಹೊರಗಿರುತ್ತೆ. ಬೆದರಿಕೆ ಇದೆ ಅಂತ ಸಂತ್ರಸ್ತರು ಹೇಳಿದರೆ ಬೇರೆ ಜಿಲ್ಲೆಯ ಬಯಲು ಬಂದೀಖಾನೆಗೆ ಕಳಿಸಬೇಕು. ಹಾಗೆ ಕಳಿಸೋಕೂ ರಾಜ್ಯದಲ್ಲಿ ಒಂದಕ್ಕಿಂತ ಹೆಚ್ಚು ಇರಬೇಕಲ್ಲ.

ಆರಿಸೋರು ಯಾರು?

ಎರಡನೇ ತೊಡಕು ಆಯ್ಕೆಯದ್ದು. 'ಸನ್ನಡತೆ' ಅಂದ್ರೆ ಏನು, ಅದನ್ನು ಬರೆಯೋರು ಯಾರು? ನಮ್ಮ ಜೈಲುಗಳ ಒಳಗೆ ಎಲ್ಲರಿಗೂ ಒಂದೇ ನ್ಯಾಯ ಇಲ್ಲ ಅನ್ನೋದನ್ನು ಹೊಸದಾಗಿ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದೊಳಗೆ ವಿಚಾರಣಾಧೀನರಾಗಿದ್ದ ನಟ ದರ್ಶನ್ ಕುರ್ಚಿ ಮೇಲೆ ಕೂತು ಸಿಗರೇಟು ಹಿಡಿದ ಫೋಟೊ ಇಡೀ ರಾಜ್ಯ ನೋಡಿತು, ಆಮೇಲೆ ಅವರನ್ನು ಬಳ್ಳಾರಿಗೆ ಕಳಿಸಿದರು. ಎತ್ತರದ ಗೋಡೆಯೊಳಗೂ ಪ್ರಭಾವ ನುಗ್ಗುತ್ತೆ ಅಂದಮೇಲೆ, ಬಯಲು ಬಂದೀಖಾನೆಯ 80 ಸೀಟಿಗೆ ಪ್ರಭಾವ ನಡೆಯಲ್ಲ ಅಂತ ನಂಬೋದು ಹೇಗೆ?

ಇದರಲ್ಲಿ ಜಾತಿಯೂ ಇದೆ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚೋ ನಿಯಮಗಳನ್ನು ರದ್ದು ಮಾಡಿತು. 'ರೂಢಿಗತ ಅಪರಾಧಿ' ಅನ್ನೋ ಹಣೆಪಟ್ಟಿಯನ್ನು ವಿಮುಕ್ತ ಬುಡಕಟ್ಟುಗಳ ಮೇಲೆ ಬಳಸೋದನ್ನೂ ಪ್ರಶ್ನಿಸಿತು. ಬಯಲು ಬಂದೀಖಾನೆಯ ಅರ್ಹತೆ ಪಟ್ಟಿಗಳು ಇಂಥ ಹಣೆಪಟ್ಟಿ ನೋಡಿಯೇ ಜನರನ್ನು ಹೊರಗಿಡೋ ಅಪಾಯ ಇದೆ. ಶ್ಯೂರಿಟಿ ಕೊಡೋರಿಲ್ಲದ, ಅರ್ಜಿ ಬರೆಯೋಕೆ ಬಾರದ, ಊರಲ್ಲಿ ಹೊಲ ಇಲ್ಲದ ಕೈದಿಗೆ ಮೊದಲ ಸಾಲಲ್ಲಿ ಜಾಗ ಸಿಗಬೇಕಾದರೆ ಆಯ್ಕೆ ಅರ್ಜಿ ಮೇಲೆ ನಿಂತಿರಬಾರದು. ಅರ್ಹ ಆದ ದಿನ ಕೈದಿಯ ಹೆಸರು ತಾನಾಗಿಯೇ ಸಮಿತಿ ಮುಂದೆ ಬರಬೇಕು. ಬೇಡ ಅಂದರೆ ಕಾರಣ ಲಿಖಿತದಲ್ಲಿರಬೇಕು, ಮೇಲ್ಮನವಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಸಿಗಬೇಕು. ಹೆಂಗಸರನ್ನು 'ಭದ್ರತೆ' ಹೆಸರಲ್ಲಿ ಹೊರಗಿಡಬಾರದು. ಮಹಾರಾಷ್ಟ್ರ ಯರವಡಾದಲ್ಲಿ, ಕೇರಳ ತಿರುವನಂತಪುರದಲ್ಲಿ ಮಹಿಳೆಯರಿಗೂ ಬಯಲು ಬಂದೀಖಾನೆ ನಡೆಸ್ತಿವೆ.

ಕೂಲಿಯ ಮಾತನ್ನೂ ಈಗಲೇ ತೀರ್ಮಾನಿಸಬೇಕು. ಹೊರಗೆ ಕೆಲಸ ಮಾಡೋ ಕೈದಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟರೆ ಮಿಲ್ ಮಾಲೀಕರಿಗೆ ಅಗ್ಗದ ಆಳುಗಳು ಸಿಕ್ಕಹಾಗೆ ಆಗುತ್ತೆ. ಕೈದಿಗೂ ಅನ್ಯಾಯ, ಊರಿನ ಕೂಲಿಯವರಿಗೂ ಅನ್ಯಾಯ. ದುಡ್ಡು ನೇರ ಬ್ಯಾಂಕ್ ಖಾತೆಗೆ ಹೋಗಬೇಕು.

ಯಾರನ್ನು ಕೇಳಬೇಕು?

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜೈಲು ರಾಜ್ಯ ಪಟ್ಟಿಯ ವಿಷಯ. ದೆಹಲಿ ಕಡೆ ಕೈ ತೋರಿಸೋ ಹಾಗಿಲ್ಲ. ಕಲ್ಯಾಣ ಕರ್ನಾಟಕಕ್ಕೆ 371(ಜೆ) ಇದೆ, ಪ್ರದೇಶಾಭಿವೃದ್ಧಿ ಮಂಡಳಿ ಇದೆ, ವರ್ಷಕ್ಕೆ ₹5,000 ಕೋಟಿ ಅಂತ ಬಜೆಟ್‌ನಲ್ಲಿ ಓದಿದ್ದನ್ನೂ ಕೇಳಿದ್ದೀವಿ. ಬಯಲು ಬಂದೀಖಾನೆಗೆ ಬೇಕಿರೋದು ಸಾಲು ಮನೆಗಳು, ನೀರು, ಒಂದು ಕಚೇರಿ, ಹತ್ತಿರ ಒಂದು ಶಾಲೆ. ಹೊಸ ಜೈಲಿಗೆ ಬೇಕಾದ ಎತ್ತರದ ಗೋಡೆ, ವಾಚ್‌ಟವರು, ನೂರಾರು ಸಿಬ್ಬಂದಿಯ ಖರ್ಚು ಇದಕ್ಕಿಲ್ಲ.

ರಾಯಚೂರು ಜಿಲ್ಲೆಗೆ ಏಳು ವಿಧಾನಸಭಾ ಕ್ಷೇತ್ರಗಳಿವೆ, ದೇವದುರ್ಗ, ಮಾನ್ವಿ ಅದರಲ್ಲಿ ಎರಡು. ಏಳು ಶಾಸಕರಲ್ಲಿ ಒಬ್ಬರಾದರೂ ಮುಂದಿನ ಅಧಿವೇಶನದಲ್ಲಿ ಗೃಹ ಸಚಿವರಿಗೆ ನಾಲ್ಕು ಪ್ರಶ್ನೆ ಕೇಳಲಿ. ಕೋರಮಂಗಲದ 80 ಜಾಗಗಳಲ್ಲಿ ಇವತ್ತು ತುಂಬಿರೋದು ಎಷ್ಟು? ಅದರಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳವರು ಎಷ್ಟು? ಕಲಬುರಗಿ ಮತ್ತು ಬಳ್ಳಾರಿ ಕೇಂದ್ರ ಕಾರಾಗೃಹಗಳಲ್ಲಿ ಶಿಕ್ಷೆಯ ಮೂರನೇ ಒಂದು ಭಾಗ ಮುಗಿಸಿದ, ಸನ್ನಡತೆಯ ಕೈದಿಗಳು ಎಷ್ಟಿದ್ದಾರೆ? ಅವರಲ್ಲಿ ಎಷ್ಟು ಜನರನ್ನು ನೋಡೋಕೆ ಕಳೆದ ಒಂದು ವರ್ಷದಲ್ಲಿ ಮನೆಯಿಂದ ಯಾರೂ ಬಂದಿಲ್ಲ?

ಈ ನಾಲ್ಕಕ್ಕೂ ಉತ್ತರ ಇಲಾಖೆಯ ದಾಖಲೆಯಲ್ಲೇ ಇರುತ್ತೆ. ಶಾಸಕರು ಕೇಳದಿದ್ದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ನೀವೇ ಕೇಳಬಹುದು. ನಾಲ್ಕನೇ ಪ್ರಶ್ನೆಗೆ ಬರೋ ಸಂಖ್ಯೆಯನ್ನು ಮೊದಲು ಓದಿ. ರಾಯಚೂರಿನ ಬಯಲು ಬಂದೀಖಾನೆಯಲ್ಲಿ ಎಷ್ಟು ಮನೆ ಕಟ್ಟಬೇಕು ಅನ್ನೋ ಲೆಕ್ಕ ಅಲ್ಲಿಂದಲೇ ಶುರು ಮಾಡಬಹುದು.